ನೇರಳೆ ಪೆಟ್ಟಿಗೆಯ ಶುಕ್ರವಾರಗಳು

ದಾಬಸ್‌ಪೇಟೆಯ ಆ ಬಾಟಲಿ ಫ್ಯಾಕ್ಟರಿಯಲ್ಲಿ ಪ್ರಮೋದಾಳನ್ನು ಕಂಡರೆ ಎಲ್ಲರಿಗೂ ಗೌರವವಿತ್ತು, ಒಂದಿಷ್ಟು ಭಯವಿತ್ತು, ಅವಳು ಅತ್ತ ತಿರುಗಿದ ಮೇಲೆ ಒಂದಿಷ್ಟು ನಗುವೂ ಇತ್ತು. ಮೊದಲಿನ ಎರಡು ಮಾತ್ರ ಅವಳಿಗೆ ಗೊತ್ತಿದ್ದವು. ಅವಳು ಗುಣಮಟ್ಟ ವಿಭಾಗದ ಮುಖ್ಯಸ್ಥೆ. ಆ ವಿಭಾಗದಲ್ಲಿ ಇದ್ದವಳು ಅವಳೊಬ್ಬಳೇ ಆದ್ದರಿಂದ ಮುಖ್ಯಸ್ಥೆಯಾಗಲು ಯಾರ ಪೈಪೋಟಿಯೂ ಇರಲಿಲ್ಲ. ತುಮಕೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿ, ಮದುವೆಯಾಗಿ ನೆಲಮಂಗಲಕ್ಕೆ ಬಂದು, ಒಂದೂವರೆ ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದಳು. ಕ್ಯಾಂಟೀನಿನ ಉಪ್ಪಿಟ್ಟನ್ನು ಕೂಡ ಒಂದು ಗಳಿಗೆ ದಿಟ್ಟಿಸಿ ನೋಡಿಯೇ ಬಾಯಿಗೆ ಇಡುವವಳು. ಯಾವುದನ್ನೂ ಪರೀಕ್ಷಿಸದೆ ನಂಬಬಾರದು ಎಂಬುದು ಅವಳ ನಿಯಮ. ತನ್ನನ್ನು ಮಾತ್ರ ಆ ನಿಯಮದಿಂದ ಹೊರಗೆ ಇಟ್ಟುಕೊಂಡಿದ್ದಳು.

ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದದ್ದು ಮಕ್ಕಳಿಗೆ ಹಾಲು ಕುಡಿಸುವ ಬಾಟಲಿಗಳು. ಬಾಟಲಿಯ ಮೇಲೆ ಒಂದು ಆನೆಮರಿಯ ಚಿತ್ರ, ಪಕ್ಕದಲ್ಲಿ ಹಾಲಿನ ಅಳತೆಯ ಗೆರೆಗಳು. ಚಿತ್ರ ಅಳಿಸಿದರೆ ಮಗು ಅತ್ತೀತು ಅಷ್ಟೆ, ಗೆರೆ ಅಳಿಸಿದರೆ ತಾಯಿ ಹಾಲಿನ ಪುಡಿಗೆ ಎಷ್ಟು ನೀರು ಹಾಕಬೇಕು? ಆದ್ದರಿಂದ ಆ ಗೆರೆಗಳು ಏನೇ ಆದರೂ ಅಳಿಸಬಾರದು. ಆದರೆ ಈ ಪ್ಲಾಸ್ಟಿಕ್ಕಿನ ಸ್ವಭಾವವೇ ಬೇರೆ. ಅದು ಯಾರನ್ನೂ ಹತ್ತಿರ ಸೇರಿಸದು. ನೀರು ಬಿಟ್ಟರೆ ಉಂಡೆಯಾಗಿ ಉರುಳಿಹೋಗುತ್ತದೆ. ಶಾಯಿ ಬಳಿದರೆ ಒಣಗುವ ತನಕ ಸುಮ್ಮನಿದ್ದು, ಆಮೇಲೆ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ.

ಅದನ್ನು ದಾರಿಗೆ ತರಲು ಒಂದು ಯಂತ್ರವಿತ್ತು. ಎದೆಮಟ್ಟದ ಉಕ್ಕಿನ ಪೆಟ್ಟಿಗೆ, ಅದರ ಬಾಗಿಲಿಗೆ ದುಂಡನೆಯ ಗಾಜಿನ ಕಿಟಕಿ. ಬಾಟಲಿಗಳನ್ನು ಟ್ರೇಗಳಲ್ಲಿ ಜೋಡಿಸಿ ಒಳಗಿಟ್ಟು, ಬಾಗಿಲು ಬಿಗಿದು, ಗಾಳಿಯನ್ನೆಲ್ಲ ಹೊರಗೆಳೆದು, ಒಂದಿಷ್ಟೇ ಆಮ್ಲಜನಕ ಬಿಟ್ಟು ವಿದ್ಯುತ್ ಹಾಯಿಸಿದರೆ, ಒಳಗೆ ನಾಲ್ಕು ನಿಮಿಷ ನೇರಳೆ ಬೆಳಕು ಉರಿಯುತ್ತದೆ. ಅದರ ಹೆಸರು ಪ್ಲಾಸ್ಮಾ. ಆ ಬೆಳಕಿನಲ್ಲಿ ಬಾಟಲಿಯ ಮೇಲ್ಪದರ, ಅದೂ ಕೂದಲೆಳೆಯನ್ನು ಸಾವಿರ ಪಾಲು ಮಾಡಿದರೆ ಸಿಗುವುದಕ್ಕಿಂತ ತೆಳ್ಳಗಿನದು, ಬದಲಾಗಿ ಆಮ್ಲಜನಕವನ್ನು ಮೈಗೆ ಸೇರಿಸಿಕೊಳ್ಳುತ್ತದೆ. ಹೊರಗೆ ಬಂದ ಬಾಟಲಿಯ ಮೇಲೆ ನೀರು ಹರಡಿ ನಿಲ್ಲುತ್ತದೆ, ಶಾಯಿ ಗಟ್ಟಿಯಾಗಿ ಹಿಡಿಯುತ್ತದೆ. ಕೆಲಸದವರು ಅದನ್ನು ನೇರಳೆ ಪೆಟ್ಟಿಗೆ ಎನ್ನುತ್ತಿದ್ದರು. ಪ್ಯಾಕಿಂಗಿನ ಮಾರಕ್ಕನಿಗಂತೂ ಅದರ ಮೇಲೆ ವಿಪರೀತ ನಂಬಿಕೆ. "ನಾಲ್ಕೇ ನಿಮಿಷಕ್ಕೆ ಇಂಥಾ ಬಾಟ್ಲಿಗೇ ಬುದ್ಧಿ ಬರ್ತದಲ್ಲ, ನಮ್ಮನೆಯೋರನ್ನೂ ಒಂದ್ಸಲ ಒಳಗೆ ಕೂರಿಸಿ ತೆಗೀರಣ್ಣೋ" ಎಂದು ಆವಲಪ್ಪನಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಆವಲಪ್ಪ ಆ ಪೆಟ್ಟಿಗೆಯ ಆಪರೇಟರು. ಐವತ್ತಾರು ವಯಸ್ಸು. ತ್ಯಾಮಗೊಂಡ್ಲು ಪಕ್ಕದ ಊರಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ. ಬೆಳಿಗ್ಗೆ ತೆಂಗಿನ ತೋಟಕ್ಕೆ ನೀರು ಬಿಟ್ಟು, ಎರಡು ಹಸುಗಳ ಹಾಲು ಡೈರಿಗೆ ಹಾಕಿ, ಎಂಟೂವರೆಗೆ ಸರಿಯಾಗಿ ಪೆಟ್ಟಿಗೆಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವನು. ಪೆಟ್ಟಿಗೆ ಬಂದ ದಿನದಿಂದ ಎಂಟು ವರ್ಷ ಅದನ್ನು ನೋಡಿಕೊಂಡವನು ಅವನೇ. ಸೋಮವಾರ ತಪ್ಪದೆ ಶಿವಗಂಗೆಗೆ ಹೋಗಿ ತರುವ ವಿಭೂತಿ ಅವನ ಹಣೆಯ ಮೇಲೆ ಮೂರು ಪಟ್ಟೆಯಾಗಿ ವಾರವಿಡೀ ಇರುತ್ತಿತ್ತು. ಬೆಟ್ಟದಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದಲ್ಲ, ಅದಕ್ಕೇನು ಕಾರಣ ಎಂದು ಅವನೊಮ್ಮೆ ಪ್ರಮೋದಾಳನ್ನು ಕೇಳಿದ್ದ. ಅವಳು ಕಲ್ಲಿನ ತಂಪು, ಗಾಳಿಯ ಗುಳ್ಳೆ, ಕೊಬ್ಬಿನ ಹರಳು ಎಂದು ಹತ್ತು ನಿಮಿಷ ಪಾಠ ಮಾಡಿದ್ದಳು. ಕೈಕಟ್ಟಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ ಆವಲಪ್ಪ, "ಇರ್ಬೋದು, ಇರ್ಬೋದು" ಎಂದು ಅವಳನ್ನೇ ಸಮಾಧಾನ ಮಾಡುವವನಂತೆ ಹೇಳಿ ಹೋಗಿದ್ದ.

ಪ್ರತಿ ಶುಕ್ರವಾರ ಅವನು ಪೆಟ್ಟಿಗೆಗೆ ಪೂಜೆ ಮಾಡುತ್ತಿದ್ದ. ಬಾಗಿಲಿಗೆ ಕುಂಕುಮ, ಒಂದು ಎಳೆ ಸೇವಂತಿಗೆ, ಕರ್ಪೂರ, ಕೀಲಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ. ಪ್ರಮೋದಾ ಬಹಳ ದಿನ ಹಲ್ಲು ಕಚ್ಚಿ ಸುಮ್ಮನಿದ್ದಳು. ಆದರೆ ಈ ಸಲದ ಆಯುಧಪೂಜೆಯಲ್ಲಿ ಎಲ್ಲರೂ ಸೇರಿ ಪೆಟ್ಟಿಗೆಯ ಮುಂದೆಯೇ ಬೂದುಗುಂಬಳಕಾಯಿ ಒಡೆದು, ಮರುದಿನ ಟ್ರೇಯಲ್ಲಿ ಅದರ ಬೀಜ ಸಿಕ್ಕಾಗ ಅವಳ ತಾಳ್ಮೆ ಮುಗಿಯಿತು. ಪೆಟ್ಟಿಗೆಯಿದ್ದ ಕೋಣೆಯ ಬಾಗಿಲಿಗೆ ನೋಟೀಸು ಅಂಟಿಸಿದಳು: "ಒಳಗೆ ಕರ್ಪೂರ, ಎಣ್ಣೆ, ಕುಂಕುಮ, ವಿಭೂತಿ, ಹೂವು ತರಕೂಡದು. ಆದೇಶದ ಮೇರೆಗೆ." ಯಾರ ಆದೇಶ ಎಂದು ಬರೆದಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಮುಂದಿನ ಶುಕ್ರವಾರ ಆವಲಪ್ಪ ಪೂಜೆಯಿಲ್ಲದೆ ಪೆಟ್ಟಿಗೆ ಶುರು ಮಾಡಿದ. ಅವನ ಮುಖ ಎಷ್ಟು ಬಾಡಿತ್ತೆಂದರೆ ಪ್ರಮೋದಾಳಿಗೇ ನೋಡಲಾಗಲಿಲ್ಲ. ಹಣೆಯ ವಿಭೂತಿ ಆ ಕೋಣೆಯಲ್ಲಿ ಎಲ್ಲರೂ ಹಾಕುವ ಟೊಪ್ಪಿಗೆಯೊಳಗೆ ಇದ್ದರೆ ಪರವಾಗಿಲ್ಲ ಎಂದಳು. ಊಟದ ಹೊತ್ತಿಗೆ ಇನ್ನೂ ಏನೋ ಒಂದು ಸಮಾಧಾನ ಹೇಳಿ, ಏನೋ ಒಂದು ಏರ್ಪಾಟು ಮಾಡಿಕೊಟ್ಟು ಬಂದಳು. ಒಳ್ಳೆಯತನ ಮಾಡಿ ಮುಗಿಸಿದ ಖುಷಿಯಲ್ಲಿ ಸಂಜೆಯೊಳಗೆ ಅದನ್ನು ಮರೆತೂಬಿಟ್ಟಳು.

ತೊಂದರೆ ಶುರುವಾದದ್ದು ಅದರ ಮುಂದಿನ ವಾರ. ಮುದ್ರಿಸಿದ ಬಾಟಲಿಗೆ ಅಂಟುಪಟ್ಟಿ ಹಚ್ಚಿ ಚಕ್ಕನೆ ಕಿತ್ತು ನೋಡುವುದು ಪ್ರಮೋದಾಳ ದಿನನಿತ್ಯದ ಪರೀಕ್ಷೆ. ಶುಕ್ರವಾರ ಕಿತ್ತರೆ ಆನೆಮರಿ ಇಡಿಯಾಗಿ ಪಟ್ಟಿಯ ಜೊತೆ ಎದ್ದು ಬಂತು. ಶನಿವಾರ ಆನೆಯ ಅರ್ಧಭಾಗ ಬಂತು. ಸೋಮವಾರದಿಂದ ಗುರುವಾರದವರೆಗೆ ಎಲ್ಲ ಸರಿ. ಮತ್ತೆ ಶುಕ್ರವಾರ ಆನೆ ಹೊರಟಿತು. ಹೀಗೆ ಐದು ವಾರ. ಐದು ವಾರದ ಶುಕ್ರವಾರ, ಶನಿವಾರಗಳ ಬಾಟಲಿಗಳು ಗೋಡೌನಿನಲ್ಲಿ ಕೆಂಪು ಚೀಟಿ ಹಚ್ಚಿಸಿಕೊಂಡು ಕುಳಿತವು. ಬಾಟಲಿ ಕೊಳ್ಳುವ ಕಂಪನಿಯವರು ಮುಂದಿನ ಸೋಮವಾರ ತಾವೇ ಬಂದು ನೋಡುತ್ತೇವೆ ಎಂದರು.

"ನೋಡಿ ಪ್ರಮೋದಾ ಅವ್ರೇ, ಸೋಮವಾರದೊಳಗೆ ನಂಗೊಂದು ಕಾರಣ ಬೇಕು" ಎಂದು ಮ್ಯಾನೇಜರ್ ಭಾನುಪ್ರಕಾಶ್ ಕೈಚೆಲ್ಲಿದರು.

ಶುಕ್ರವಾರ ಎಂದರೆ ಪ್ರಮೋದಾಳಿಗೆ ಬೇರೆ ಪುರಾವೆಯೇ ಬೇಕಿರಲಿಲ್ಲ. ಈ ಮನುಷ್ಯ ಕದ್ದುಮುಚ್ಚಿ ಪೂಜೆ ಮಾಡುತ್ತಿದ್ದಾನೆ. ಆದರೂ ವಿಜ್ಞಾನ ಓದಿದವಳು, ಹಾಗೆಂದು ಸುಮ್ಮನೆ ಹೇಳುವಂತಿಲ್ಲ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವಳ ಸಹಪಾಠಿ ಚಂದನ ಕೆಲಸ ಮಾಡುತ್ತಿದ್ದಳು. ವಸ್ತುವಿನ ಮೇಲೆ ಎಕ್ಸ್-ರೇ ಬಿಟ್ಟು, ಅದರ ತೀರಾ ಮೇಲಿನ ಪದರದಲ್ಲಿ ಯಾವ ಯಾವ ಧಾತು ಎಷ್ಟೆಷ್ಟು ಇದೆ ಎಂದು ಓದುವ ಯಂತ್ರ ಅಲ್ಲಿತ್ತು. ಪ್ರಮೋದಾ ಶುಕ್ರವಾರದ ಎರಡು ಬಾಟಲಿ, ಮಂಗಳವಾರದ ಎರಡು ಬಾಟಲಿ ಕಳಿಸಿದಳು. ಬುಧವಾರ ಚಂದನಳ ಮೆಸೇಜು ಬಂತು: "ಮಂಗಳವಾರದ್ದು ಚೆನ್ನಾಗಿದೆ. ಶುಕ್ರವಾರದ್ದರಲ್ಲಿ ಸಿಲಿಕಾನ್ ಇದೆ, ತುಂಬಾ ಇದೆ. ಪೂರ್ತಿ ವಿವರ ಶುಕ್ರವಾರ ಹೇಳ್ತೀನಿ."

ಪ್ರಮೋದಾ ಪೂರ್ತಿ ವಿವರಕ್ಕೆ ಕಾಯಲಿಲ್ಲ. ಮರಳಿನಲ್ಲಿ ಇರುವುದು ಸಿಲಿಕಾನ್. ಹುಲ್ಲಿನಲ್ಲೂ ಅದು ಇರುತ್ತದೆ. ಹುಲ್ಲು ತಿಂದ ಹಸುವಿನ ಸಗಣಿಯಲ್ಲಿ ಇರುತ್ತದೆ. ಸಗಣಿ ಸುಟ್ಟ ಬೂದಿಯಲ್ಲಂತೂ ಧಾರಾಳವಾಗಿ ಇರುತ್ತದೆ. ಆ ಬೂದಿಯೇ ವಿಭೂತಿ. ಮರಳಿನಿಂದ ಆವಲಪ್ಪನ ಹಣೆಯವರೆಗೆ ಲೆಕ್ಕ ಇಷ್ಟು ನೇರವಾಗಿ ಬಂದು ನಿಂತದ್ದು ಕಂಡು ಅವಳಿಗೆ ತನ್ನ ಮೇಲೆಯೇ ಅಭಿಮಾನ ಉಕ್ಕಿತು. ಅಂದು ಸಂಜೆ ಗಂಡ ವಸಂತ್, "ಕಾರಿನ ಡ್ಯಾಶ್‌ಬೋರ್ಡ್ ಒರೆಸೋ ಪಾಲಿಶ್ ಬಾಟ್ಲಿ ನೋಡಿದ್ಯಾ? ಒಂದೂವರೆ ತಿಂಗಳಿಂದ ಹುಡುಕ್ತಿದೀನಿ" ಎಂದು ಮತ್ತೆ ಶುರು ಮಾಡಿದಾಗ, "ಇಂಥಾ ದೊಡ್ಡ ವಿಷಯ ತಲೇಲಿರುವಾಗ ನಿಮ್ಮ ಬಾಟ್ಲಿ ಯಾರಿಗೆ ಬೇಕು" ಎಂದು ಅವನ ಬಾಯಿ ಮುಚ್ಚಿಸಿದಳು.

ಗುರುವಾರ ವರದಿ ಸಿದ್ಧವಾಯಿತು. "ಕಾರಣ: ನಿಷೇಧವಿದ್ದರೂ ಆಪರೇಟರ್ ಆವಲಪ್ಪ ಬಳಸಿದ ವಿಭೂತಿ." ಭಾನುಪ್ರಕಾಶ್ ಓದಿ ನಿಟ್ಟುಸಿರು ಬಿಟ್ಟರು. ಪೀಣ್ಯದಲ್ಲಿ ಕೆಲಸ ಮಾಡಿದ ಬೈರೇಶ್ ಎಂಬ ಆಪರೇಟರನ್ನು ಸೋಮವಾರದಿಂದ ಬರಹೇಳಿದರು. ಆವಲಪ್ಪನಿಗೆ ಗೇಟಿನ ಕೆಲಸ ಎಂದಾಯಿತು. ಸಂಬಳ ಅಷ್ಟೇ, ಕುರ್ಚಿ ಕೊಡುತ್ತಾರೆ, ಬಂದ ಲಾರಿಗಳ ನಂಬರು ಬರೆದರೆ ಸಾಕು.

ವರದಿಗೆ ಆವಲಪ್ಪನ ಸಹಿ ಬೇಕಿತ್ತು. ಪ್ರಮೋದಾ ಅವನ ಮುಂದೆ ಹಾಳೆ ಇಟ್ಟು, "ಓದಿ ಸಹಿ ಮಾಡಿ" ಎಂದಳು.

"ಮೇಡಮ್ಮೋರು ಬರ್ದಿದ್ದು ಅಂದ್ಮೇಲೆ ಓದೋದೇನಿದೆ" ಎಂದು ಆವಲಪ್ಪ ಅವಳು ಬೆರಳಿಟ್ಟಲ್ಲಿ ಸಹಿ ಮಾಡಿದ. ಆಮೇಲೆ ಭಾನುಪ್ರಕಾಶ್ ಬಾಯಲ್ಲಿ ವಿಷಯ ಕೇಳಿದಾಗ ಅವನು ವಾದ ಮಾಡಲಿಲ್ಲ. "ನಾನು ಒಳಕ್ಕೆ ವಿಭೂತಿ ತಂದಿಲ್ಲ ಸಾರ್" ಎಂದು ಒಂದೇ ಸಲ ಹೇಳಿದ. ಮತ್ತೆ ಪೆಟ್ಟಿಗೆಯ ಕಡೆ ಒಮ್ಮೆ, ಪ್ರಮೋದಾಳ ಕಡೆ ಒಮ್ಮೆ ನೋಡಿ ಕೇಳಿದ, "ಗೇಟತ್ರ ಆದ್ರೆ ಟೋಪಿ ಹಾಕ್ಬೇಕಾಗಿಲ್ಲ, ಅಲ್ವಾ ಮೇಡಮ್ಮೋರೆ?"

ಆ ಮಾತಿಗೆ ಅವಳ ಎದೆ ಚುರ್ ಎಂದಿತು. ಆದರೆ ಗುಣಮಟ್ಟ ವಿಭಾಗದ ಮುಖ್ಯಸ್ಥೆ ಎದೆಯ ಮಾತು ಕೇಳಬಾರದಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಚಂದನ ಫೋನ್ ಮಾಡಿದಳು.

"ಕಾರಣ ಸಿಕ್ತು ಬಿಡೇ" ಎಂದು ಪ್ರಮೋದಾ ಅವಳಿಗಿಂತ ಮೊದಲೇ ಶುರು ಮಾಡಿ, ಮರಳು, ಹುಲ್ಲು, ಹಸು, ಸಗಣಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಕಥೆ ಚೆನ್ನಾಗಿದೆ ಕಣೇ" ಎಂದಳು ಚಂದನ. "ಆದ್ರೆ ಬೂದಿ ಆಗಿದ್ರೆ ಕ್ಯಾಲ್ಸಿಯಂ ಎಲ್ಲಿ, ಪೊಟ್ಯಾಸಿಯಂ ಎಲ್ಲಿ? ಹಸು ಬರೀ ಮರಳು ತಿನ್ನುತ್ತಾ? ಇಲ್ಲಿ ಅವೆರಡೂ ಒಂಚೂರೂ ಇಲ್ಲ. ಮತ್ತೆ ಎಕ್ಸ್-ರೇ ಚಾರ್ಟಿನಲ್ಲಿ ಸಿಲಿಕಾನ್ ಗೆರೆ ಬಂದಿರೋ ಜಾಗವೂ ಬೂದಿದಲ್ಲ. ಇದು ಸಿಲಿಕೋನ್ ಎಣ್ಣೆ, ಸಿಲಿಕಾನ್‌ನಿಂದ್ಲೇ ಮಾಡೋ ಹೊಳಪಿನ ಎಣ್ಣೆ. ಪ್ಲಾಸ್ಮಾದಲ್ಲಿ ಸ್ವಲ್ಪ ಸುಟ್ಟಿದೆ, ಆದ್ರೂ ಗುರುತು ಸಿಗುತ್ತೆ. ಯಾರೋ ಆ ಪೆಟ್ಟಿಗೆಗೆ ಹೊಳಪು ಬರೋ ಅಂಥದ್ದೇನೋ ಹಚ್ತಿದಾರೆ. ಒಳಗೆ ಪ್ಲಾಸ್ಮಾ ಉರಿದಾಗ ಅದೆಲ್ಲ ಎದ್ದು ಬಾಟಲಿ ಮೇಲೆ ಕೂರುತ್ತೆ, ಶಾಯಿ ಹಿಡಿಯೋಕೆ ಬಿಡಲ್ಲ. ಹೋಗಿ ನೋಡು."

ಪ್ರಮೋದಾ ಫೋನಿಟ್ಟು ಎದ್ದಳು. ಇನ್ನೂ ಅವಳ ಮನಸ್ಸು ಆವಲಪ್ಪನನ್ನು ಬಿಟ್ಟಿರಲಿಲ್ಲ. ವಿಭೂತಿ ಅಲ್ಲದಿದ್ದರೆ ಕೀಲಿಗೆ ಇನ್ನೇನೋ ಎಣ್ಣೆ ಬಿಡುತ್ತಿರಬೇಕು, ಇವತ್ತು ಶುಕ್ರವಾರ, ಕೈಗೆ ಸಿಕ್ಕಿಬೀಳುತ್ತಾನೆ ಎಂದುಕೊಂಡು ಸದ್ದಿಲ್ಲದೆ ಕೋಣೆಯ ಬಾಗಿಲು ತಳ್ಳಿದಳು.

ಆವಲಪ್ಪ ಬರಿಗಾಲಲ್ಲಿ ನಿಂತು, ಮೆತ್ತನೆಯ ಹಳದಿ ಬಟ್ಟೆಯಿಂದ ಪೆಟ್ಟಿಗೆಯ ಬಾಗಿಲನ್ನು, ಒಳಗಿನ ತಟ್ಟೆಗಳನ್ನು, ಟ್ರೇಗಳ ಅಂಚನ್ನು ಭಕ್ತಿಯಿಂದ ಒರೆಸುತ್ತಿದ್ದ. ಎಲ್ಲವೂ ಫಳಫಳ ಹೊಳೆಯುತ್ತಿತ್ತು. ಒಂದು ಸರದಿ ಬಾಟಲಿಗಳನ್ನು ಒಳಗಿಟ್ಟು ಬಾಗಿಲು ಬಿಗಿದು ಗುಂಡಿ ಒತ್ತಿದ. ಪಕ್ಕದ ಗೂಡಿನಲ್ಲಿ ಒಂದು ಕಪ್ಪು ಸ್ಪ್ರೇ ಬಾಟಲಿ ಕುಳಿತಿತ್ತು. ಯಂತ್ರಕ್ಕೆ ಕುಂಕುಮ ಹಚ್ಚಬಾರದು ಎಂದು ನೋಟೀಸಿತ್ತು, ಆದ್ದರಿಂದ ಆ ಬಾಟಲಿಗೆ ಹಚ್ಚಿದ್ದ. ಕುಂಕುಮದ ಕೆಳಗೆ ಕಾರಿನ ಚಿತ್ರವಿತ್ತು.

ವಸಂತ್ ಒಂದೂವರೆ ತಿಂಗಳಿಂದ ಹುಡುಕುತ್ತಿದ್ದ ಬಾಟಲಿ ಅದು.

ಪ್ರಮೋದಾಳಿಗೆ ಆ ಮಧ್ಯಾಹ್ನ ಪೂರ್ತಿ ನೆನಪಾಯಿತು. ಊಟದ ಹೊತ್ತಿನಲ್ಲಿ ಕಾರಿನಿಂದ ಇದನ್ನು ತಂದು ಆವಲಪ್ಪನ ಕೈಯಲ್ಲಿಟ್ಟು, "ಪೂಜೆ ಬೇಡ, ಶುಕ್ರವಾರ ಇದರಿಂದ ಒಳಗೂ ಹೊರಗೂ ಚೆನ್ನಾಗಿ ಒರೆಸಿ. ಸ್ವಚ್ಛತೆಯೇ ಪೂಜೆ" ಎಂದು ಅವಳೇ ಹೇಳಿದ್ದಳು. ಆಡಿದ ಮಾತು ಎಷ್ಟು ಚೆನ್ನಾಗಿದೆ ಎಂದು ಅಂದು ಖುಷಿಯೂ ಪಟ್ಟಿದ್ದಳು. ಬಾಟಲಿ ಎತ್ತಿಕೊಂಡು ಹಿಂಬದಿಯ ಇರುವೆಸಾಲಿನ ಅಕ್ಷರಗಳನ್ನು ಓದಿದಳು. ಎರಡನೆಯ ಸಾಲಿನಲ್ಲೇ ಇತ್ತು, ಸಿಲಿಕೋನ್ ಎಣ್ಣೆ. ಉಪ್ಪಿಟ್ಟನ್ನೂ ಪರೀಕ್ಷಿಸಿ ತಿನ್ನುವವಳು ಇದನ್ನು ಓದಿರಲಿಲ್ಲ.

"ಬೆಳಕು ನೋಡಿ ಮೇಡಮ್ಮೋರೆ" ಎಂದ ಆವಲಪ್ಪ.

ಅವಳು ಬಗ್ಗಿ ಗಾಜಿನೊಳಗೆ ನೋಡಿದಳು. ನೇರಳೆಯಾಗಿರಬೇಕಿದ್ದ ಬೆಳಕು ಹಾಲು ಬೆರೆತ ಹಾಗೆ ಬಿಳಿಚಿಕೊಂಡಿತ್ತು.

"ಇದು ಹಚ್ಚಿದ ದಿನ ಹಿಂಗೇ ಆಗ್ತದೆ. ಮಾರನೇ ದಿನ ಸ್ವಲ್ಪ ಇಳೀತದೆ. ಸೋಮವಾರಕ್ಕೆ ಸರಿ ಹೋಗ್ತದೆ."

"ಮತ್ತೆ ನೀವು ಇಷ್ಟು ದಿನ ಹೇಳ್ಬಾರ್ದಿತ್ತಾ?" ಪ್ರಮೋದಾಳ ದನಿ ಎತ್ತರಕ್ಕೆ ಹೋಯಿತು.

"ಹೇಳ್ದೆನಲ್ಲ. ಎರಡನೇ ವಾರ ನೀವು ಇಲ್ಲೇ ನಿಂತಿದ್ರಿ, ಬೆಳಕು ಬಿಳಿಚ್ತಾ ಐತೆ ಅಂದೆ. ಬೆಳಕು ನೋಡೋದು ನಿಮ್ಮ ಕೆಲಸ ಅಲ್ಲ, ಗುಂಡಿ ಒತ್ತೋದು ನಿಮ್ಮ ಕೆಲಸ ಅಂದ್ರಿ. ಅದ್ಕೇ ಬರ್ದಿಟ್ಟೆ."

ಅವನು ಯಂತ್ರದ ಪುಸ್ತಕ ತೆಗೆದು ಕೊಟ್ಟ. ದಿನಕ್ಕೊಂದು ಪುಟ. ಎಷ್ಟು ಸರದಿ, ಎಷ್ಟು ನಿಮಿಷ, ಕೊನೆಯಲ್ಲಿ ಷರಾ. ಕಳೆದ ಶುಕ್ರವಾರದ ಷರಾದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: "ಮೇಡಂ ಕೊಟ್ಟ ಪಾಲಿಶ್ ಹಚ್ಚಿದ ಮೇಲೆ ಬೆಳಕು ಬಿಳಿ." ಅದರ ಕೆಳಗೆ "ಓದಿ ಪರಿಶೀಲಿಸಿದೆ" ಎಂಬ ಮುದ್ರೆ, ಮುದ್ರೆಯ ಮೇಲೆ ಪ್ರಮೋದಾಳ ಸಹಿ. ಹಿಂದಿನ ಶುಕ್ರವಾರವೂ ಅದೇ ಸಾಲು, ಅದೇ ಸಹಿ. ಅದರ ಹಿಂದಿನದೂ ಹಾಗೆಯೇ. ಶನಿವಾರ ಸಂಜೆ ವಾರದ ಪುಟಗಳಿಗೆಲ್ಲ ಒಟ್ಟಿಗೆ ಸಹಿ ಹಾಕುವುದು ಅವಳ ಪದ್ಧತಿ. ಬಸ್ಸಿನ ಟಿಕೆಟ್ ಹರಿಯುವ ವೇಗದಲ್ಲಿ ಹಾಕುತ್ತಿದ್ದಳು.

"ನಿನ್ನೆಯಾದ್ರೂ ಸಾರ್ ಮುಂದೆ ಹೇಳ್ಬೋದಿತ್ತಲ್ಲ, ಪಾಲಿಶ್ ನಾನೇ ಕೊಟ್ಟಿದ್ದು ಅಂತ."

ಆವಲಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ. "ಬರ್ದಿದ್ದೇ ಓದ್ದೋರು, ಹೇಳಿದ್ರೆ ನಂಬ್ತಿದ್ರಾ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಪ್ರಮೋದಾಳಿಗೆ ತಿರುಗಿ ಏನಾದರೂ ಹೇಳಲು ಅನುಕೂಲವಾಗುತ್ತಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು.

ಸರದಿ ಮುಗಿಯಲು ಇನ್ನೂ ಎರಡು ನಿಮಿಷವಿತ್ತು. ಆ ಎರಡು ನಿಮಿಷ ಅವಳು ಅಲ್ಲೇ ನಿಂತಳು. ಒಂದು ಉಪಾಯ ತಾನಾಗಿಯೇ ಹೊಳೆಯಿತು. ವರದಿಯಲ್ಲಿ "ವಿಭೂತಿ" ಎಂಬಲ್ಲಿ ಹೊಡೆದು "ಆಪರೇಟರ್ ಬಳಸಿದ ಪಾಲಿಶ್" ಎಂದು ಬರೆದರೆ ಒಂದಕ್ಷರವೂ ಸುಳ್ಳಲ್ಲ. ಬಳಸಿದವನು ಅವನೇ ತಾನೆ? ಪುಸ್ತಕ ಯಾರೂ ಓದುವುದಿಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆವಲಪ್ಪ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಇವಳು ಇವಳಾಗಿಯೇ ಇರುತ್ತಾಳೆ. ಅಷ್ಟರಲ್ಲಿ ಪೆಟ್ಟಿಗೆ ಉಸ್ ಎಂದು ಗಾಳಿ ಒಳಗೆಳೆದುಕೊಂಡು ಬಾಗಿಲು ಬಿಟ್ಟಿತು. ಆವಲಪ್ಪ ಒಂದು ಬಾಟಲಿ ತೆಗೆದು, ಅದರ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟ. ಹನಿ ಉಂಡೆಯಾಗಿ ನಿಂತು, ಜಾರಿ, ಅವನ ಬರಿಗಾಲಿನ ಮೇಲೆ ಬಿತ್ತು. ಸೋಮವಾರದಿಂದ ತನ್ನದಲ್ಲದ ಪೆಟ್ಟಿಗೆಯ ಬಾಟಲಿಯನ್ನೂ ಅವನು ಪರೀಕ್ಷೆ ಮಾಡದೆ ಬಿಡುತ್ತಿರಲಿಲ್ಲ.

ಪ್ರಮೋದಾ ಕುಂಕುಮ ಹಚ್ಚಿದ ಬಾಟಲಿಯನ್ನು ಒಂದು ಕೈಯಲ್ಲಿ, ಪುಸ್ತಕವನ್ನು ಇನ್ನೊಂದು ಕೈಯಲ್ಲಿ ಹಿಡಿದು ಭಾನುಪ್ರಕಾಶ್ ಕೋಣೆಗೆ ಹೋದಳು.

ಅವರು ಎಲ್ಲ ಕೇಳಿ ತಲೆ ಕೆರೆದುಕೊಂಡರು. "ಬೈರೇಶ್‌ಗೆ ಬಾ ಅಂದಾಗಿದೆಯಲ್ಲ. ಒಂದ್ ಕೆಲ್ಸ ಮಾಡಿ, ಮೂಲ ತಿಳಿದುಬಂದಿಲ್ಲ, ಸ್ವಚ್ಛಗೊಳಿಸಲಾಗಿದೆ ಅಂತ ಬರೀರಿ. ನಿಮ್ ಹೆಸರೂ ಬೇಡ, ಆವಲಪ್ಪನ ಹೆಸರೂ ಬೇಡ."

"ಅವ್ರು ಗೇಟಿಗೆ ಹೋಗೋದು?"

"ಅದು ಹೆಂಗೂ ಆಗಿದೆ. ವಯಸ್ಸಾಯ್ತು, ಆರಾಮಾಗಿ ಇರ್ಲಿ ಬಿಡಿ."

"ಹಾಗಾದ್ರೆ ನನ್ನನ್ನೂ ಗೇಟಿಗೆ ಹಾಕಿ ಸಾರ್" ಎಂದಳು ಪ್ರಮೋದಾ. "ಬೆಳಕು ಬಿಳಿಚಿದ್ದು ಐದು ವಾರದಿಂದ ನೋಡಿ ಬರೆದೋರು ಅಲ್ಲಿ ಕೂತು, ಓದ್ದೆ ಸಹಿ ಹಾಕಿದೋಳು ಇಲ್ಲಿ ಕೂರೋದು ಸರಿಯಾಗಲ್ಲ. ಲಾರಿ ನಂಬರನ್ನಾದ್ರೂ ಓದಿ ಬರೆಯೋದು ಕಲೀತೀನಿ."

ಭಾನುಪ್ರಕಾಶ್ ಅವಳನ್ನು ಒಂದು ಗಳಿಗೆ ನೋಡಿದರು. "ಮೊದ್ಲು ಪೆಟ್ಟಿಗೆ ಒರೆಸಿ, ತಪ್ಪು ಪಾಲಿಶ್‌ದೇ ಅಂತ ನಾಳೆ ತೋರ್ಸಿ. ಆಮೇಲೆ ಗೇಟಿನ ಮಾತು."

ಮಧ್ಯಾಹ್ನದಿಂದ ಪೆಟ್ಟಿಗೆಯ ಸ್ನಾನ ಶುರುವಾಯಿತು. ಪ್ರಮೋದಾ ತಾನೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗಿನ ಗೋಡೆ, ತಟ್ಟೆ, ಟ್ರೇಗಳನ್ನು ಸ್ಪಿರಿಟ್ಟಿನಲ್ಲಿ ನಾಲ್ಕು ಸಲ ಒರೆಸಿದಳು. ಬಾಟಲಿಯೇ ಇಲ್ಲದೆ ಖಾಲಿ ಪೆಟ್ಟಿಗೆಯನ್ನು ಮತ್ತೆ ಮತ್ತೆ ಉರಿಸಿದರು. ಪ್ರತಿ ಸಲವೂ ಅವಳು ಆವಲಪ್ಪನ ಕಡೆ ತಿರುಗಿ ಕೇಳುವಳು, ಅವನು ಗಾಜಿನೊಳಗೆ ಇಣುಕಿ "ಇನ್ನೂ ಐತೆ" ಎನ್ನುವನು. ಎಂಟನೆಯ ಸಲಕ್ಕೆ "ಹ್ಞೂಂ, ಈಗ ಬಣ್ಣ ಬಂತು" ಎಂದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾರಕ್ಕ, "ಮೇಡಂ ಪೂಜೆ ಬೇಡ ಅಂತಿದ್ರು, ಈಗ ಅವ್ರೇ ಮಡಿಯಲ್ಲಿ ಅಭಿಷೇಕ ಮಾಡ್ತಾವ್ರಲ್ಲ" ಎಂದಳು. ಈ ಸಲ ನಗು ಪ್ರಮೋದಾಳ ಎದುರಿಗೇ ಕೇಳಿಸಿತು.

ಶನಿವಾರ ಬೆಳಿಗ್ಗೆ ಆವಲಪ್ಪ ಎಂದಿಗಿಂತ ದಪ್ಪಗೆ ಮೂರು ಪಟ್ಟೆ ವಿಭೂತಿ ಹಚ್ಚಿಕೊಂಡು ಬಂದ. ಟೊಪ್ಪಿಗೆಯಿಂದ ಕೆಳಗೆ ಒಂದು ಪಟ್ಟೆ ಬೇಕೆಂದೇ ಹೊರಗೆ ಬಿಟ್ಟಿದ್ದ. "ಪರೀಕ್ಷೆ ಅಂದ್ಮೇಲೆ ಸರಿಯಾಗೇ ಆಗ್ಲಿ ಮೇಡಮ್ಮೋರೆ" ಎಂದ. ಪ್ರಮೋದಾ ತುಟಿ ಬಿಗಿಹಿಡಿದು ತಲೆಯಾಡಿಸಿದಳು. ಸರದಿ ಮುಗಿದು ಬಾಟಲಿಗಳು ಮುದ್ರಣಕ್ಕೆ ಹೋಗಿ ಒಣಗಿ ಬಂದವು. ಭಾನುಪ್ರಕಾಶ್ ತಾವೇ ಅಂಟುಪಟ್ಟಿ ಹಚ್ಚಿ ಕಿತ್ತರು. ಒಂದು, ಎರಡು, ಇಪ್ಪತ್ತು ಬಾಟಲಿ. ಪಟ್ಟಿ ಬರಿದಾಗಿ ಬಂತು. ಆನೆಮರಿ ಬಾಟಲಿ ಬಿಟ್ಟು ಕದಲಲಿಲ್ಲ. ನಿನ್ನೆ ಪಾಲಿಶ್ ಹಚ್ಚಿದ ಮೇಲೆ ತೆಗೆದ ಸರದಿಯ ಬಾಟಲಿಗೂ ಪಟ್ಟಿ ಹಚ್ಚಿದರು. ಆನೆ, ಗೆರೆ, ಅಂಕಿ ಎಲ್ಲವೂ ಪಟ್ಟಿಗೆ ಅಂಟಿಕೊಂಡು ಬಂದವು.

"ಬೈರೇಶ್ ಎರಡನೇ ಶಿಫ್ಟಿಗೆ ಬರ್ಲಿ" ಎಂದರು ಭಾನುಪ್ರಕಾಶ್. "ಆವಲಪ್ಪನೋರು ಕಲಿಸ್ಕೊಡ್ತಾರೆ. ಮೇಡಂ, ನೀವು ಹೊಸ ವರದಿ ಬರೀರಿ. ಏನ್ ಬರೀಬೇಕೋ ನಿಮಗೇ ಬಿಟ್ಟಿದ್ದು."

ಪ್ರಮೋದಾ ಬರೆದಳು. ಜೀವನದಲ್ಲಿ ಇಷ್ಟು ಸಣ್ಣ ವರದಿಗೆ ಅವಳು ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. "ಕಾರಣ: ಗುಣಮಟ್ಟ ವಿಭಾಗದ ಪ್ರಮೋದಾ ಪರೀಕ್ಷಿಸದೆ ಕೊಟ್ಟ ಕಾರು ಪಾಲಿಶ್‌ನಲ್ಲಿದ್ದ ಸಿಲಿಕೋನ್ ಎಣ್ಣೆ. ಆಪರೇಟರ್ ಆವಲಪ್ಪನವರು ಈ ಬಗ್ಗೆ ಐದು ವಾರ ಲಿಖಿತವಾಗಿ ತಿಳಿಸಿದ್ದರೂ ಪ್ರಮೋದಾ ಓದದೆ ಸಹಿ ಮಾಡಿದ್ದಾರೆ. ಗುರುವಾರದ ವರದಿಯನ್ನು ಹಿಂಪಡೆಯಲಾಗಿದೆ." ಅದನ್ನು ತೆಗೆದುಕೊಂಡು ಪೆಟ್ಟಿಗೆಯ ಕೋಣೆಗೆ ಹೋಗಿ ಆವಲಪ್ಪನ ಮುಂದೆ ಇಟ್ಟಳು. ಸಹಿ ಮಾಡಬೇಕಾದ ಜಾಗದಲ್ಲಿ ಬೆರಳಿಟ್ಟಳು.

ಆವಲಪ್ಪ ಪೆನ್ನು ತೆಗೆಯಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು ಒ‍ರೆಸಿ ಹಾಕಿಕೊಂಡ.

"ಓದಿ ಸಹಿ ಮಾಡ್ತೀನಿ ಮೇಡಮ್ಮೋರೆ. ಸ್ವಲ್ಪ ಹೊತ್ತಾಗ್ತದೆ. ನೀವು ಕೂತ್ಕಳಿ."

ಅವಳು ಕೂರಲಿಲ್ಲ. ಅವನು ಬೆರಳಿಟ್ಟುಕೊಂಡು, ತುಟಿ ಆಡಿಸುತ್ತ, ಒಂದೊಂದೇ ಪದ ಓದಿದ. ಅವಳ ಹೆಸರು ಬಂದಾಗ ಬೆರಳು ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತಂತೆ ಅವಳಿಗೆ ಅನ್ನಿಸಿತು. ಎರಡನೆಯ ಸಾಲಿನ ನಡುವೆ ಬೆರಳು ಮತ್ತೆ ನಿಂತಿತು.

"ಐದಲ್ಲ. ಆರು."

"ಐದು ವಾರದ್ದೇ ಅಲ್ವಾ ಕೆಟ್ಟಿದ್ದು? ನಾನೇ ಪರೀಕ್ಷೆ ಮಾಡಿದೀನಿ."

"ಪುಸ್ತಕ ನೋಡಿ."

ಅವಳು ಪುಸ್ತಕದ ಪುಟಗಳನ್ನು ಹಿಂದಕ್ಕೆ ತಿರುಗಿಸಿದಳು. ನಿನ್ನೆಯದು ಬಿಟ್ಟು ಐದು ಶುಕ್ರವಾರ ದಾಟಿ ಆರನೆಯದು ಬಂತು, ಅವಳು ಪಾಲಿಶ್ ಕೊಟ್ಟ ದಿನದ ಪುಟ. "ಊಟವಾದ ಮೇಲೆ ಮೇಡಂ ಕೊಟ್ಟ ಪಾಲಿಶ್ ಹಚ್ಚಿದೆ. ಬೆಳಕು ಬಿಳಿ." ಕೆಳಗೆ ಅವಳದೇ ಸಹಿ. ಅಂದು ಅವಳು ಮಾದರಿ ಬಾಟಲಿ ತೆಗೆದದ್ದು ಬೆಳಿಗ್ಗೆ. ಆ ಮಧ್ಯಾಹ್ನದ ಬಾಟಲಿಗಳನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ, ಮರುದಿನ ಶನಿವಾರ ಕರೆಂಟಿಲ್ಲದೆ ಪೆಟ್ಟಿಗೆ ಓಡಿರಲಿಲ್ಲ. ಹಸಿರು ಚೀಟಿ ಹಚ್ಚಿಸಿಕೊಂಡು ಅವು ಹೊಸಕೋಟೆಯಲ್ಲಿದ್ದ ಕಂಪನಿಯ ಗೋಡೌನಿಗೆ ಹೋಗಿದ್ದವು. ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಯಾವುದೋ ತಾಯಿಯ ಕೈಗೆ ಹೋಗುವುದಷ್ಟೇ ಬಾಕಿ.

ಪ್ರಮೋದಾ ಅಲ್ಲೇ ನಿಂತು ಹೊಸಕೋಟೆಗೆ ಫೋನ್ ಮಾಡಿದಳು. ಆ ದಿನದ ಸರದಿಗಳ ನಂಬರನ್ನು ಪುಸ್ತಕ ನೋಡಿ ಒಂದೊಂದಾಗಿ ಓದಿ ಹೇಳಿದಳು. ಆ ಕಡೆಯವರು ಹುಡುಕಿ ಬಂದು, ಸರಕು ಇನ್ನೂ ಒಡೆದಿಲ್ಲ, ಮೂಲೆಯಲ್ಲೇ ಇದೆ, ಪಕ್ಕಕ್ಕೆ ತೆಗೆದಿಡುತ್ತೇವೆ ಎಂದರು. ಹಾಗೆ ಹೇಳಿದವರ ಹೆಸರು, ಹೊತ್ತು ಎರಡನ್ನೂ ಆವಲಪ್ಪ ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡ.

"ಥ್ಯಾಂಕ್ಸ್ ಆವಲಪ್ಪನೋರೆ" ಎಂದಳು. "ಗುರುವಾರದ್ದಕ್ಕೆ ತಪ್ಪಾಯ್ತು. ಕ್ಷಮಿಸ್ಬೇಕು."

"ಬಿಡಿ. ಆ ಪಾಲಿಶ್ ವಾಸನೆ ಚೆನ್ನಾಗಿತ್ತು" ಎಂದ ಆವಲಪ್ಪ.

ಅವಳು ವರದಿಯಲ್ಲಿ "ಐದು" ಹೊಡೆದು "ಆರು" ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ, ಹೊಸಕೋಟೆಯ ವಿಷಯವನ್ನೂ ಒಂದು ಸಾಲು ಸೇರಿಸಿ, ಮತ್ತೆ ಅವನ ಮುಂದಿಟ್ಟಳು. ಊಟದ ಗಂಟೆ ಹೊಡೆಯಿತು. ಮಾರಕ್ಕ ಬಾಗಿಲಲ್ಲಿ ತಲೆ ಹಾಕಿ ನೋಡಿ ಹೋದಳು. ಪ್ರಮೋದಾ ಪೆನ್ನು ಮುಂದೆ ಹಿಡಿದು ಕಾದಳು.

"ತಿದ್ದಿದೀರಲ್ಲ" ಎಂದು ಆವಲಪ್ಪ ಕನ್ನಡಕ ಸರಿಮಾಡಿಕೊಂಡು, ಬೆರಳನ್ನು ಹಾಳೆಯ ಮೇಲ್ತುದಿಗೆ ಒಯ್ದು, ಮೊದಲ ಸಾಲಿನಿಂದ ಮತ್ತೆ ಓದತೊಡಗಿದ.